ಮಂದವಾಗಿರುವುದು ಕಿವಿಯೋ, ರೆಕಾರ್ಡೋ?

ಪ್ರಶ್ನೆ: ನನಗೆ 46 ವರ್ಷ. ಊರು ದಾವಣಗೆರೆ. ಹನ್ನೆರಡು ವರ್ಷದಿಂದ ಅಮೆರಿಕದ ಅಟ್ಲಾಂಟಾದಲ್ಲಿದ್ದೇನೆ. ಇಲ್ಲಿಗೆ ಬಂದ ಮೇಲೆ ಸದರ್ನ್ ರಾಕ್, ಅಂದರೆ ಅಮೆರಿಕದ ದಕ್ಷಿಣ ರಾಜ್ಯಗಳ ರಾಕ್ ಸಂಗೀತದ ಹುಚ್ಚು ಹಿಡಿಯಿತು. ಹಳೇ ರೆಕಾರ್ಡ್ ಹುಡುಕಿ ಕೊಳ್ಳುತ್ತೇನೆ, ಬಯಲಿನಲ್ಲಿ ನಡೆಯುವ ಸಂಗೀತ ಉತ್ಸವಗಳಿಗೆ ಹೋಗುತ್ತೇನೆ. ಐದು ವಾರದ ಹಿಂದೆ ಎರಡು ದಿನದ ಒಂದು ಉತ್ಸವದಲ್ಲಿ ವೇದಿಕೆ ಪಕ್ಕದ ಸ್ಪೀಕರ್ ಹತ್ತಿರವೇ ನಿಂತಿದ್ದೆ. ಬಲಗಿವಿ ಸ್ಪೀಕರ್ ಕಡೆಗಿತ್ತು. ಕಿವಿಗೆ ಟಿಶ್ಯೂ ಪೇಪರ್ ತುರುಕಿಕೊಂಡಿದ್ದೆ. ಆ ರಾತ್ರಿ ಎರಡೂ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಎಡಗಿವಿ ಮಾರನೇ ದಿನ ಸರಿಹೋಯಿತು. ಬಲಗಿವಿಯಲ್ಲಿ ಮೂರು ದಿನ ಜೋರಾಗಿತ್ತು, ಈಗಲೂ ರಾತ್ರಿ ಸಣ್ಣಗೆ ಕೇಳಿಸುತ್ತದೆ. ಈಗ ಆಲ್ಮನ್ ಬ್ರದರ್ಸ್ ಬ್ಯಾಂಡಿನ 'ಅಟ್ ಫಿಲ್ಮೋರ್ ಈಸ್ಟ್' ಹಾಕಿದರೆ ಸಿಂಬಲ್ (ಡ್ರಮ್ಮಿನ ಜೊತೆ ಬಾರಿಸುವ ಲೋಹದ ತಟ್ಟೆ) ಸದ್ದು ಕಂಬಳಿ ಹೊದಿಸಿದ ಹಾಗೆ ಮಂಕಾಗಿದೆ. ಹಳೇ ರೆಕಾರ್ಡ್ ಅಂದ್ರೆ ಹಾಗೇ ಅಂತ ಗೆಳೆಯ ಹೇಳುತ್ತಾನೆ. ಪ್ಲೇಯರ್ ಸೆಕೆಂಡ್ ಹ್ಯಾಂಡ್. ಮುಳ್ಳು ಜಾರುತ್ತಿತ್ತು ಅಂತ ಅದರ ತಲೆ ಮೇಲೆ ಒಂದು ಸೆಂಟಿನ ನಾಣ್ಯ ಅಂಟಿಸಿದ್ದೇನೆ. ಊರಿಂದ ಅಮ್ಮ ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೋ ಅನ್ನುತ್ತಾರೆ. 14 ವರ್ಷದ ಮಗ ಮುಂದಿನ ಉತ್ಸವಕ್ಕೆ ತಾನೂ ಬರುತ್ತೇನೆ ಅಂತಿದ್ದಾನೆ. ಹೋಗುವುದನ್ನೇ ಬಿಟ್ಟುಬಿಡಬೇಕಾ?

ಉತ್ತರ: ನೀವು ಮೂರ್ನಾಲ್ಕು ಪ್ರಶ್ನೆ ಕೇಳಿದ್ದೀರಿ. ಎಲ್ಲದರ ಬುಡದಲ್ಲಿರುವುದು ಒಂದೇ. ಕೆಟ್ಟಿರುವುದು ಕಿವಿಯೋ, ರೆಕಾರ್ಡೋ? ಅದು ಗೊತ್ತಾಗದೆ ಔಷಧಿ ಹಾಕಿಯೂ ಪ್ರಯೋಜನವಿಲ್ಲ, ಹೊಸ ರೆಕಾರ್ಡ್ ಕೊಂಡೂ ಪ್ರಯೋಜನವಿಲ್ಲ. ನಾನು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವನು. ಇಪ್ಪತ್ತು ವರ್ಷದಿಂದ ಕಿವಿ ಪರೀಕ್ಷೆ ಮಾಡುವುದೇ ನನ್ನ ಕೆಲಸ. ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಇದೆ, ನೀವು ಹೇಳಿದ ಆ ಆಲ್ಬಮ್ಮೂ ಇದೆ. ನನ್ನ ಅಂದಾಜನ್ನು ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ವಿಷಯದಲ್ಲಿ ಎರಡಕ್ಕೂ ಪೆಟ್ಟು ಬಿದ್ದಿರುವ ಸಾಧ್ಯತೆ ಜಾಸ್ತಿ. ಕಿವಿಗೆ ಸ್ಪೀಕರಿನಿಂದ, ರೆಕಾರ್ಡಿಗೆ ನಾಣ್ಯದಿಂದ.

ಎರಡನ್ನೂ ಬೇರೆ ಮಾಡಿ ನೋಡಲು ಮನೆಯಲ್ಲೇ ಒಂದು ಸುಲಭದ ಪರೀಕ್ಷೆ ಇದೆ. ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡಿನ ಒಂದು ತುಣುಕು ಕೇಳಿ. ಸಿಂಬಲ್ ಚೆನ್ನಾಗಿ ಬರುವ ಒಂದೇ ಒಂದು ನಿಮಿಷ ಸಾಕು. ಈಗ ಹೆಡ್‌ಫೋನನ್ನು ತಿರುಗಿಸಿ, ಎಡದ್ದನ್ನು ಬಲಕ್ಕೆ ಬಲದ್ದನ್ನು ಎಡಕ್ಕೆ ಹಾಕಿ ಅದೇ ತುಣುಕು ಕೇಳಿ. ಮಂಕು ಎರಡು ಸಲವೂ ಬಲಗಿವಿಯಲ್ಲೇ ಇದ್ದರೆ ತೊಂದರೆ ಕಿವಿಯದು. ಮಂಕು ಎಡಗಿವಿಗೆ ದಾಟಿದರೆ ಮುಳ್ಳಿನದು, ರೆಕಾರ್ಡಿನದು, ಇಲ್ಲವೇ ಹೆಡ್‌ಫೋನಿನದು. ಎರಡೂ ಕಿವಿಗೆ ಒಂದೇ ಥರ ಮಂಕಾಗಿದ್ದರೆ ಅದೇ ಹಾಡನ್ನು ಫೋನಿನಲ್ಲಿ ಹಾಕಿ, ಅದೇ ಹೆಡ್‌ಫೋನಿನಲ್ಲಿ ಕೇಳಿ. ಅಲ್ಲಿ ಸಿಂಬಲ್ ಚುರುಕಾಗಿ ಕೇಳಿಸಿತಾ? ಹಾಗಾದರೆ ರೆಕಾರ್ಡನ್ನೇ ಅನುಮಾನಿಸಿ. ಆಲ್ಮನ್ ಬ್ರದರ್ಸ್ ಈ ಪರೀಕ್ಷೆಗೆ ಹೇಳಿ ಮಾಡಿಸಿದ ಹಾಗಿದ್ದಾರೆ. ಇಬ್ಬರು ಡ್ರಮ್ಮರ್, ಇಬ್ಬರು ಗಿಟಾರಿಸ್ಟ್. ಎರಡು ಗಿಟಾರುಗಳನ್ನು ಎರಡು ಕಡೆಗೆ ಹಂಚಿದ್ದಾರೆ. ಒಂದು ಕಡೆ ಏನಾದರೂ ಕಡಿಮೆಯಾದರೆ ತಕ್ಷಣ ಗೊತ್ತಾಗುತ್ತದೆ.

ಇದರಿಂದ ದಿಕ್ಕು ಮಾತ್ರ ತಿಳಿಯುತ್ತದೆ, ಉತ್ತರ ಸಿಗುವುದಿಲ್ಲ. ಫಲಿತಾಂಶ ಏನೇ ಬಂದರೂ ನೀವು ಈ ವಾರವೇ ಕಿವಿ ಪರೀಕ್ಷೆ ಮಾಡಿಸಬೇಕು. ಯಾಕೆ ಅಂತ ಹೇಳುತ್ತೇನೆ.

ದೊಡ್ಡ ಸದ್ದಿನ ನಂತರ ಕಿವಿ ಗುಂಯ್ ಅನ್ನುವುದು, ಹತ್ತಿ ತುಂಬಿದ ಹಾಗಾಗುವುದು ಬಹಳ ಜನಕ್ಕೆ ಆಗುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ನಿಮ್ಮ ಎಡಗಿವಿಗೆ ಆಗಿದ್ದು ಅದೇ. ಬಲಗಿವಿಯದು ಐದು ವಾರವಾದರೂ ಪೂರ್ತಿ ಹೋಗಿಲ್ಲ, ಮತ್ತು ಅದು ಒಂದೇ ಕಿವಿಯಲ್ಲಿದೆ. ಒಂದೇ ಕಿವಿಯ ದೂರನ್ನು ನಾವು ಪರೀಕ್ಷೆ ಮಾಡದೆ ಬಿಡುವುದೇ ಇಲ್ಲ. ಸ್ಪೀಕರ್ ಆ ಕಡೆ ಇತ್ತಲ್ಲ ಅನ್ನುವ ಕಾರಣ ಸರಿಯಾಗಿಯೇ ಇರಬಹುದು. ಆದರೆ ಅಷ್ಟಕ್ಕೇ ಸಮಾಧಾನ ಮಾಡಿಕೊಳ್ಳುವುದು ಬೇಡ. ಗುಗ್ಗೆ ಗಟ್ಟಿಯಾಗಿ ಕೂತಿರಬಹುದು. ಟಿಶ್ಯೂ ತುರುಕಿದಾಗ ಒಳಗೆ ತಳ್ಳಿರಲೂಬಹುದು. ಹಾಗಿದ್ದರೆ ಅದನ್ನು ತೆಗೆಸಿದ ದಿನವೇ ಅರ್ಧ ಸಮಸ್ಯೆ ಮುಗಿಯಿತು. ಕಾಕತಾಳೀಯವಾಗಿ ಬೇರೆ ಕಾರಣಕ್ಕೆ ಒಂದು ಕಿವಿ ದಿಢೀರ್ ಮಂದವಾಗುವುದೂ ಉಂಟು. ಅದಕ್ಕೆ ಸ್ಟೆರಾಯ್ಡ್ ಚಿಕಿತ್ಸೆ ಇದೆ. ಮೊದಲ ಎರಡು ವಾರದೊಳಗೆ ಶುರು ಮಾಡಿದರೆ ಒಳ್ಳೆಯದು. ಕೆಲವರಿಗೆ ಆರು ವಾರದವರೆಗೂ ಕಿವಿಯೊಳಗೆ ಇಂಜೆಕ್ಷನ್ ಕೊಟ್ಟು ಪ್ರಯತ್ನಿಸುತ್ತಾರೆ. ನೀವು ಐದನೇ ವಾರದಲ್ಲಿದ್ದೀರಿ. ಅದಕ್ಕೇ ಈ ಅವಸರ.

ಇ.ಎನ್.ಟಿ. ವೈದ್ಯರಿಗೆ ತೋರಿಸಿ, ಆಡಿಯೋಗ್ರಾಮ್ ಮಾಡಿಸಿ. ಯಾವ ಸ್ವರ ಎಷ್ಟು ಕೇಳಿಸುತ್ತದೆ ಎಂದು ತೋರಿಸುವ ನಕ್ಷೆ ಅದು. ಮಾಡಿಸುವಾಗ 3000, 4000, 6000 ಹರ್ಟ್ಸ್ (ಸ್ವರದ ಎತ್ತರದ ಅಳತೆ) ಮೂರನ್ನೂ ನೋಡಿ ಅಂತ ಬಾಯಿ ಬಿಟ್ಟು ಕೇಳಿ. ದೊಡ್ಡ ಸದ್ದಿನ ಪೆಟ್ಟು ಅಲ್ಲೇ, ಅದರಲ್ಲೂ 4000ದ ಸುತ್ತ, ಒಂದು ಹಳ್ಳದ ಹಾಗೆ ಕಾಣಿಸುತ್ತದೆ. ವಯಸ್ಸಿನಿಂದ ಬರುವ ಮಂದ ಬೇರೆ ಥರ. ಅದು ತುದಿಯಿಂದ ನಿಧಾನಕ್ಕೆ ಇಳಿಜಾರಾಗಿ ಬರುತ್ತದೆ. 46ಕ್ಕೆ ತೀರಾ ಮೇಲಿನ ಸ್ವರಗಳು ಎಲ್ಲರಿಗೂ ಸ್ವಲ್ಪ ಹೋಗಿರುತ್ತವೆ, ಅದಕ್ಕೆ ಹೆದರಬೇಕಿಲ್ಲ. ಕಾಗದದ ಮೇಲೆ ಹಳ್ಳವೋ ಇಳಿಜಾರೋ ಅನ್ನುವುದು ಕಣ್ಣಿಗೆ ಕಾಣುತ್ತದೆ. ನೂರಾರು ಸಂಗೀತಗಾರರ ಆಡಿಯೋಗ್ರಾಮ್ ನೋಡಿದ್ದೇನೆ. ಆ ಹಳ್ಳ ಕಂಡಾಗ ಇವತ್ತಿಗೂ ಬೇಜಾರಾಗುತ್ತದೆ, ಯಾಕೆಂದರೆ ಅದನ್ನು ತಪ್ಪಿಸಬಹುದಿತ್ತು.

ಅಮ್ಮನ ಎಣ್ಣೆ ವಿಷಯ. ನಮ್ಮ ಮನೆಯಲ್ಲೂ ಬೆಳ್ಳುಳ್ಳಿ ಎಸಳು ಕಾಯಿಸಿ ಎಣ್ಣೆ ಬಿಡುತ್ತಿದ್ದರು. ಅದರ ಹಿಂದಿನ ಕಾಳಜಿ ಅರ್ಥವಾಗುತ್ತದೆ. ಆದರೆ ಪೆಟ್ಟು ಬಿದ್ದಿರುವ ಜಾಗ ಕಿವಿ ತಮಟೆಯ ಆಚೆ, ಒಳಗಿವಿಯಲ್ಲಿದೆ. ಎಣ್ಣೆ ಅಲ್ಲಿಗೆ ಹೋಗುವುದೇ ಇಲ್ಲ. ತಮಟೆಯಲ್ಲಿ ಸಣ್ಣ ತೂತಿದ್ದರಂತೂ ಸೋಂಕಾಗಬಹುದು. ಅಮ್ಮನಿಗೆ 'ಡಾಕ್ಟರ್ ಬೇಡ ಅಂದರು' ಅಂತ ನನ್ನ ಹೆಸರಲ್ಲೇ ಹೇಳಿ. ಕಿವಿಮೊರೆತಕ್ಕೆ ಅಂತ ಮಾರುವ ಗಿಂಕೋ (ಒಂದು ಮರದ ಎಲೆಯ ಸಾರ), ಜಿಂಕ್ ಮಾತ್ರೆಗಳಿಗೂ ದುಡ್ಡು ಹಾಕಬೇಡಿ. ಅಮೆರಿಕದ ಇ.ಎನ್.ಟಿ. ವೈದ್ಯರ ಸಂಘ 2014ರಲ್ಲೇ ಅವನ್ನು ಬರೆದುಕೊಡಬೇಡಿ ಎಂದು ಮಾರ್ಗಸೂಚಿ ಕೊಟ್ಟಿದೆ. ರಾತ್ರಿ ಸಣ್ಣ ಮೊರೆತ ಕಾಡಿದರೆ ಫ್ಯಾನ್ ಸದ್ದೋ, ಮಳೆ ಸದ್ದೋ ಮೆಲ್ಲಗೆ ಹಾಕಿಕೊಂಡು ಮಲಗಿ. ಪೂರ್ತಿ ನಿಶ್ಶಬ್ದದಲ್ಲಿ ಅದು ದೊಡ್ಡದಾಗಿ ಕೇಳಿಸುತ್ತದೆ, ಅಷ್ಟೇ.

ಒಳಗಿವಿಯಲ್ಲಿ ಏನಾಗುತ್ತದೆ? ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಒಂದು ಸಣ್ಣ ಕೊಳವೆ ಅಲ್ಲಿದೆ. ಅದರೊಳಗೆ ಸುಮಾರು 15,000 ಕೋಶಗಳು ಸಾಲಾಗಿ ನಿಂತಿವೆ. ಒಂದೊಂದರ ನೆತ್ತಿಯ ಮೇಲೂ ಕೂದಲಿನಂಥ ಎಳೆಗಳು. ಸದ್ದಿನ ಅಲೆಗೆ ಅವು ಬಾಗಿ ಏಳುತ್ತವೆ. ಗಾಳಿಗೆ ಬಾಗಿದ ಭತ್ತದ ಪೈರು ಮಾರನೇ ದಿನ ಎದ್ದು ನಿಲ್ಲುವ ಹಾಗೆ. ದನ ನುಗ್ಗಿ ತುಳಿದರೆ? ಅದು ಏಳುವುದಿಲ್ಲ. ಈ ಕೋಶಗಳು ಮನುಷ್ಯರಲ್ಲಿ ಮತ್ತೆ ಹುಟ್ಟುವುದೂ ಇಲ್ಲ. ಮೇಲಿನ ಸ್ವರಗಳನ್ನು ಹಿಡಿಯುವ ಕೋಶಗಳು ಕೊಳವೆಯ ಬಾಗಿಲಲ್ಲೇ ಇವೆ. ಹಾಗಾಗಿ ಸಿಂಬಲ್ಲಿನ ಝಣ್ ಮೊದಲು ಹೋಗುತ್ತದೆ, ಮಾತಿನಲ್ಲಿ ಸ, ಫ, ಥ ಮಸುಕಾಗುತ್ತವೆ. ಬೇಸ್ ಗಿಟಾರ್ ಮಾತ್ರ ಮೊದಲಿನ ಹಾಗೇ ಕೇಳಿಸುತ್ತಿರುತ್ತದೆ. ಅದಕ್ಕೇ ಜನಕ್ಕೆ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. 'ನಮ್ಮ ಕಿವಿ ಅಭ್ಯಾಸ ಆಗಿದೆ' ಅನ್ನುತ್ತಾರಲ್ಲ, ಕಿವಿ ಅಭ್ಯಾಸವಾಗುವುದಿಲ್ಲ. ಕೇಳುವುದು ಕಡಿಮೆಯಾಗಿರುತ್ತದೆ.

ರೆಕಾರ್ಡಿನಲ್ಲೂ ಇದೇ ಕಥೆ. ಮುಳ್ಳು ಓಡುವ ಗೆರೆ ಕೆಳಗಿನ ಸ್ವರಕ್ಕೆ ಅಗಲವಾಗಿ ಓಲಾಡುತ್ತದೆ. ಮೇಲಿನ ಸ್ವರಕ್ಕೆ ಗೆರೆಯ ಗೋಡೆಯಲ್ಲಿ ಬಹಳ ಸಣ್ಣ ಗೀರುಗಳು. ಸವೆದ ಮುಳ್ಳು, ಭಾರದ ಮುಳ್ಳು ಅವನ್ನೇ ಮೊದಲು ಅರೆದು ಹಾಕುತ್ತದೆ. ಸಾಮಾನ್ಯವಾಗಿ ಈಗಿನ ಕಾರ್ಟ್ರಿಜ್‌ಗಳಿಗೆ (ಮುಳ್ಳನ್ನು ಹಿಡಿದಿರುವ ತಲೆ) ಎರಡು ಗ್ರಾಂ ಹತ್ತಿರದ ಭಾರ ಸಾಕು. ಅಮೆರಿಕದ ಒಂದು ಸೆಂಟಿನ ನಾಣ್ಯ ಎರಡೂವರೆ ಗ್ರಾಂ ಇದೆ. ಅಂದರೆ ಆ ಮುಳ್ಳಿನ ಮೇಲೆ ನೀವು ದುಪ್ಪಟ್ಟಿಗಿಂತ ಜಾಸ್ತಿ ಭಾರ ಹೇರಿದ್ದೀರಿ. ವಜ್ರದ ತುದಿ ಕೂದಲೆಳೆಗಿಂತ ಸಣ್ಣದು. ಅಷ್ಟು ಸಣ್ಣ ಜಾಗದ ಮೇಲೆ ನಾಲ್ಕೂವರೆ ಗ್ರಾಂ ಅಂದರೆ ಪ್ಲಾಸ್ಟಿಕ್ಕಿಗೆ ತಡೆದುಕೊಳ್ಳಲು ಕಷ್ಟ.

ಮುಳ್ಳು ಜಾರುತ್ತಿದ್ದರೆ ಕಾರಣ ಹುಡುಕಬೇಕು. ತೋಳಿನ ಹಿಂದಿನ ತೂಕದ ಬಿಲ್ಲೆ ಸರಿ ಕೂತಿಲ್ಲದಿರಬಹುದು. ಪ್ಲೇಯರ್ ಮಟ್ಟವಾಗಿ ಇಲ್ಲದಿರಬಹುದು. ರೆಕಾರ್ಡಿನಲ್ಲಿ ಕೊಳೆ ಇರಬಹುದು. ಇಲ್ಲವೇ ಮುಳ್ಳೇ ಸವೆದಿರಬಹುದು. ಸೆಕೆಂಡ್ ಹ್ಯಾಂಡ್ ಪ್ಲೇಯರ್ ಕೊಂಡವರಿಗೆ ನಾನು ಹೇಳುವುದು ಒಂದೇ: ಮುಳ್ಳು ಎಷ್ಟು ಗಂಟೆ ಓಡಿದೆ ಎಂದು ಮಾರಿದವರಿಗೂ ಗೊತ್ತಿರುವುದಿಲ್ಲ, ಅದನ್ನು ಮೊದಲ ದಿನವೇ ಬದಲಿಸಿ. ಸಾಮಾನ್ಯ ಮುಳ್ಳಿನ ಆಯಸ್ಸು ಐನೂರರಿಂದ ಸಾವಿರ ಗಂಟೆ. ಸಣ್ಣ ತೂಕದ ಯಂತ್ರವೊಂದು ಸಿಗುತ್ತದೆ, ಮುಳ್ಳನ್ನು ಅದರ ಮೇಲೆ ಇಟ್ಟರೆ ಗ್ರಾಂ ತೋರಿಸುತ್ತದೆ. ಪ್ಲೇಯರಿನ ಜೊತೆಗೇ ಅದನ್ನೂ ತಂದಿಟ್ಟುಕೊಳ್ಳಿ.

ಇನ್ನೊಂದು ಸಂಗತಿ ನಿಮಗೆ ಸಮಾಧಾನ ಕೊಡಬಹುದು. 'ಅಟ್ ಫಿಲ್ಮೋರ್ ಈಸ್ಟ್' ಎರಡು ರೆಕಾರ್ಡಿನ ಆಲ್ಬಮ್. ಅದರ ನಾಲ್ಕನೇ ಬದಿಯಲ್ಲಿ ಒಂದೇ ಹಾಡಿದೆ, 'ವಿಪ್ಪಿಂಗ್ ಪೋಸ್ಟ್', ಸುಮಾರು 23 ನಿಮಿಷ. ರೆಕಾರ್ಡ್ ತಿರುಗುವ ವೇಗ ಒಂದೇ ಆದರೂ ಮುಳ್ಳಿನ ಕೆಳಗೆ ಗೆರೆ ಓಡುವ ವೇಗ ಒಂದೇ ಅಲ್ಲ. ಹೊರಗಿನ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್, ಒಳಗಿನ ಕೊನೆಯಲ್ಲಿ ಸುಮಾರು 21. ಅದೇ ಒಂದು ಸೆಕೆಂಡಿನ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಒತ್ತಿ ಬರೆಯಬೇಕು. ಮೇಲಿನ ಸ್ವರ ಅಲ್ಲಿ ಮಸುಕಾಗುವುದು ಸಹಜ. ಹಾಡಿನ ಮೊದಲ ಎರಡು ನಿಮಿಷ ಕೇಳಿ, ನಂತರ ಕೊನೆಯ ಎರಡು ನಿಮಿಷ ಕೇಳಿ. ಮೊದಲು ಚೆನ್ನಾಗಿದ್ದು ಕೊನೆಯಲ್ಲಿ ಮಾತ್ರ ಮಂಕು ಅಥವಾ ಕರಕರ ಅಂದರೆ ಅದು ಒಳಗೆರೆಯ ತೊಂದರೆ. ಮೊದಲಿನಿಂದಲೇ ಮಂಕಾಗಿದ್ದರೆ ರೆಕಾರ್ಡ್ ಸವೆದಿದೆ, ಅಥವಾ ಮುಳ್ಳು. ಈ ಮಿತಿ ಆಗಿನವರಿಗೂ ಗೊತ್ತಿತ್ತು. ಅದೇ ಬ್ಯಾಂಡಿನ 1972ರ ಆಲ್ಬಮ್ 'ಈಟ್ ಎ ಪೀಚ್'ನಲ್ಲಿ 33 ನಿಮಿಷದ 'ಮೌಂಟನ್ ಜ್ಯಾಮ್' ಒಂದು ಬದಿಯಲ್ಲಿ ಹಿಡಿಸದೆ ಎರಡು ಬದಿಗೆ ಹಂಚಿಕೊಂಡಿದೆ.

ಹಾಗಾದರೆ ಗೆಳೆಯ ಹೇಳಿದ್ದು? ಹಳೇ ರೆಕಾರ್ಡ್ ಅಂದರೆ ಮಂಕು ಅನ್ನುವುದು ಸುಳ್ಳು. 1971ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ಸಭಾಂಗಣದಲ್ಲಿ ನಿರ್ಮಾಪಕ ಟಾಮ್ ಡೌಡ್ ಮುದ್ರಿಸಿಕೊಂಡ ಆ ಸಂಗೀತ, ಚೆನ್ನಾಗಿಟ್ಟ ಹಳೇ ಪ್ರತಿಯಲ್ಲಿ ಈಗಲೂ ಎದುರಿಗೆ ಕೂತು ಕೇಳಿದ ಹಾಗಿರುತ್ತದೆ. ಬ್ಯಾಂಡಿನ ಗಿಟಾರಿಸ್ಟ್ ಡ್ವೇನ್ ಆಲ್ಮನ್ ಸ್ಲೈಡ್ ನುಡಿಸಲು ಬೆರಳಿಗೆ ಹಾಕಿಕೊಳ್ಳುತ್ತಿದ್ದುದು ನೆಗಡಿ ಮಾತ್ರೆಯ ಖಾಲಿ ಗಾಜಿನ ಸೀಸೆ. ಅದು ತಂತಿಯ ಮೇಲೆ ಜಾರುವಾಗ ಗಾಜು ಲೋಹಕ್ಕೆ ಉಜ್ಜುವ ಸಣ್ಣ ಸದ್ದು ಕೂಡ ಕೇಳಿಸಬೇಕು. ಗೋಟುವಾದ್ಯ ಕೇಳಿ ಬೆಳೆದವರಿಗೆ ಆ ಜಾರು ತಕ್ಷಣ ಮನಸ್ಸಿಗೆ ಹತ್ತುತ್ತದೆ. ಆಮೇಲೆ ಅದೇ ಬ್ಯಾಂಡ್ ಸೇರಿದ ಗಿಟಾರಿಸ್ಟ್ ಡೆರೆಕ್ ಟ್ರಕ್ಸ್ ಅಲಿ ಅಕ್ಬರ್ ಖಾನರ ಸರೋದ್ ಕೇಳಿ ಕಲಿತವರು. ಅವರ ಸ್ಲೈಡಿನಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ನಮ್ಮ ಮೀಂಡ್ ಕೇಳಿಸುತ್ತದೆ. ಇಂಥದ್ದನ್ನೆಲ್ಲ ಹಿಡಿದುಕೊಡುವುದೇ ಆ ಮೇಲಿನ ಸ್ವರಗಳು. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಇನ್ನೊಂದು ಪ್ರತಿ ಕೊಳ್ಳುವುದಾದರೆ, ಅಂಗಡಿಯಲ್ಲಿ ಒಂದೇ ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ. ಹೊಳಪು ಹೋಗಿ ಗೆರೆಗಳು ಬೂದಿ ಬಣ್ಣಕ್ಕೆ ತಿರುಗಿದ್ದರೆ ಬಿಟ್ಟುಬಿಡಿ. ಕೊಳೆಯನ್ನು ತೊಳೆಯಬಹುದು, ಸವೆದಿದ್ದನ್ನು ತುಂಬಲಾಗದು. 'ವೆರಿ ಗುಡ್' ಎಂಬ ದರ್ಜೆಯ ಚೀಟಿಗೆ ಮೋಸ ಹೋಗಬೇಡಿ. ವ್ಯಾಪಾರದ ಭಾಷೆಯಲ್ಲಿ ಅದು ಗರಗರ ಸದ್ದು ಚೆನ್ನಾಗಿಯೇ ಕೇಳಿಸುವ ಪ್ರತಿ. 180 ಗ್ರಾಂ ದಪ್ಪದ ಮರುಮುದ್ರಣ ಅಂದ ಮಾತ್ರಕ್ಕೆ ಸದ್ದು ಮೇಲು ಅಂತಲೂ ಇಲ್ಲ. ಯಾವ ಟೇಪಿನಿಂದ, ಯಾರು, ಹೇಗೆ ಕೆತ್ತಿದರು ಅನ್ನುವುದೇ ಮುಖ್ಯ. ದುಬಾರಿ ಬೆಲೆಗೂ ಸದ್ದಿಗೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಇನ್ನೊಂದು ಸದರ್ನ್ ರಾಕ್ ಬ್ಯಾಂಡ್ ಲಿನರ್ಡ್ ಸ್ಕಿನರ್ಡ್‌ನ 'ಸ್ಟ್ರೀಟ್ ಸರ್ವೈವರ್ಸ್' ಆಲ್ಬಮ್ ನೋಡಿ. 1977ರ ಅಕ್ಟೋಬರ್ 17ಕ್ಕೆ ಬಂತು. ಮೂರೇ ದಿನಕ್ಕೆ ವಿಮಾನ ಬಿದ್ದು ಗಾಯಕ ರಾನಿ ವ್ಯಾನ್ ಝ್ಯಾಂಟ್, ಗಿಟಾರಿಸ್ಟ್ ಸ್ಟೀವ್ ಗೇನ್ಸ್, ಅವರ ಅಕ್ಕ ಕ್ಯಾಸಿ ತೀರಿಕೊಂಡರು. ರಕ್ಷಾಪುಟದಲ್ಲಿ ಬ್ಯಾಂಡಿನ ಸುತ್ತ ಬೆಂಕಿ ಇತ್ತು. ಅದನ್ನು ತೆಗೆದು ಕಪ್ಪು ಹಿನ್ನೆಲೆ ಹಾಕಿದರು. ಬೆಂಕಿಯ ಪ್ರತಿಯನ್ನು ಜನ ಹುಡುಕುವುದು ಆ ನೆನಪಿಗೆ, ಕೇಳಲು ಅಲ್ಲ. ಕೇಳಲು ಬೇಕಿದ್ದರೆ ಕಪ್ಪು ಹಿನ್ನೆಲೆಯ ಚೊಕ್ಕ ಪ್ರತಿ ಸಾಕು. ಮತ್ತೆ, ಉತ್ಸವದಲ್ಲಿ ಕೊಂಡ ರೆಕಾರ್ಡನ್ನು ಜಾರ್ಜಿಯಾದ ಜುಲೈ ಬಿಸಿಲಲ್ಲಿ ಕಾರಿನೊಳಗೆ ಬಿಡಬೇಡಿ. ಒಂದು ಮಧ್ಯಾಹ್ನ ಸಾಕು, ಹಪ್ಪಳವಾಗುತ್ತದೆ.

ಈಗ ಉತ್ಸವಕ್ಕೆ ಬರೋಣ. ಬಿಡಬೇಕಿಲ್ಲ. ಆದರೆ ಆಡಿಯೋಗ್ರಾಮ್ ಬರುವ ತನಕ ಜೋರು ಸದ್ದಿನ ಜಾಗಕ್ಕೆ ಹೋಗಬೇಡಿ. ಪೆಟ್ಟು ಬಿದ್ದ ಕಿವಿಗೆ ಎರಡನೇ ಪೆಟ್ಟು ಬೇಡ.

ಲೆಕ್ಕ ಹೀಗಿದೆ. ಸದ್ದಿನ ಜೋರನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದು ಎಂಬುದು ಅಮೆರಿಕದಲ್ಲಿ ಕೆಲಸದ ಜಾಗಗಳ ಆರೋಗ್ಯ ನೋಡುವ ನಿಯೋಶ್ ಸಂಸ್ಥೆಯ ಶಿಫಾರಸು. ಮೂರು ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧಕ್ಕಿಳಿಯುತ್ತದೆ. 88ಕ್ಕೆ ನಾಲ್ಕು ಗಂಟೆ, 94ಕ್ಕೆ ಒಂದು ಗಂಟೆ, 100ಕ್ಕೆ ಬರೀ 15 ನಿಮಿಷ. ಬಯಲು ಉತ್ಸವದ ಮುಂಭಾಗದಲ್ಲಿ 100 ಅಪರೂಪವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಜಾಗಗಳಿಗೆ ಹಾಕಿದ ಮಿತಿಯೇ 100, ಅದೂ 15 ನಿಮಿಷದ ಸರಾಸರಿ. ನೀವು ಎರಡು ದಿನ ಸ್ಪೀಕರ್ ಪಕ್ಕ ನಿಂತಿದ್ದಿರಿ, ಟಿಶ್ಯೂ ಪೇಪರಿನ ಭರವಸೆಯಲ್ಲಿ. ಟಿಶ್ಯೂ, ಹತ್ತಿ ಹೆಚ್ಚೇನೂ ತಡೆಯುವುದಿಲ್ಲ. ತಡೆದ ಹಾಗೆ ಅನ್ನಿಸಿ ಧೈರ್ಯ ಕೊಡುತ್ತವೆ, ಅದೇ ಅಪಾಯ.

ಮೆತ್ತನೆಯ ಫೋಮ್ ಪ್ಲಗ್ ಅಗ್ಗ, ಸರಿಯಾಗಿ ಹಾಕಿದರೆ ಚೆನ್ನಾಗಿ ತಡೆಯುತ್ತದೆ. ಬಹುಪಾಲು ಜನ ಸರಿಯಾಗಿ ಹಾಕುವುದಿಲ್ಲ. ಬೆರಳಲ್ಲಿ ಬತ್ತಿಯ ಹಾಗೆ ತೆಳ್ಳಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಬೇಕು. ಒಳಗೆ ತಳ್ಳಿ ಅರ್ಧ ನಿಮಿಷ ಬೆರಳು ಒತ್ತಿ ಹಿಡಿಯಬೇಕು, ಅದು ಉಬ್ಬಿ ಕೂರುವ ತನಕ. ಎದುರಿಗೆ ನಿಂತವರಿಗೆ ಪ್ಲಗ್ಗಿನ ಹೆಚ್ಚು ಭಾಗ ಹೊರಗೆ ಕಾಣುತ್ತಿದ್ದರೆ ಅದು ಕೂತಿಲ್ಲ ಅಂತಲೇ ಅರ್ಥ. ಫೋಮಿನ ಕೊರತೆ ಏನೆಂದರೆ ಮೇಲಿನ ಸ್ವರಗಳನ್ನು ಜಾಸ್ತಿ ತಿಂದು ಹಾಕುತ್ತದೆ. ಸಂಗೀತ ಗೋಡೆಯಾಚೆ ಕೇಳಿದ ಹಾಗಾಗುತ್ತದೆ. ಬೇಸರವಾಗಿ ಒಳ್ಳೇ ಸೋಲೋ ಬಂದಾಗ ಕಿತ್ತು ಜೇಬಿಗೆ ಹಾಕುತ್ತೀರಿ. 100 ಡೆಸಿಬೆಲ್ ಇದ್ದಲ್ಲಿ ಹಾಗೆ ತೆಗೆದ ಹದಿನೈದು ನಿಮಿಷಕ್ಕೇ ಇಡೀ ದಿನದ ಲೆಕ್ಕ ಮುಗಿಯಿತು.

ಅದಕ್ಕೇ ನಾನು ಸಂಗೀತಗಾರರ ಪ್ಲಗ್ ಹೇಳುತ್ತೇನೆ. ನಿಮ್ಮ ಕಿವಿಯ ಅಚ್ಚು ತೆಗೆದು ಮಾಡಿಸುವಂಥದ್ದು. ಒಳಗೆ 15 ಡೆಸಿಬೆಲ್ಲಿನ ಫಿಲ್ಟರ್ ಇರುತ್ತದೆ, ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ಇಳಿಸುತ್ತದೆ. 100 ಇದ್ದದ್ದು 85 ಆಗುತ್ತದೆ, ಸಿಂಬಲ್ ಸಿಂಬಲ್ಲಾಗೇ ಉಳಿಯುತ್ತದೆ. ಬೆಲೆ ಜಾಸ್ತಿ, ಆದರೆ ವರ್ಷಗಟ್ಟಲೆ ಬರುತ್ತದೆ. ಅಚ್ಚಿಲ್ಲದ ಸಿಲಿಕಾನಿನವೂ ಇವೆ. ಕಿವಿಗೆ ಸರಿ ಕೂತರೆ ಅವೂ ಚೆನ್ನ. ಬಲಗಿವಿಗೆ ನಿಜಕ್ಕೂ ಪೆಟ್ಟಾಗಿದ್ದರೆ ನಿಮ್ಮ ಆಡಿಯಾಲಜಿಸ್ಟ್ ಆ ಕಡೆಗೆ ಇನ್ನೂ ಗಟ್ಟಿ ಫಿಲ್ಟರ್ ಹಾಕಬಹುದು.

ನಿಲ್ಲುವ ಜಾಗ ಅದಕ್ಕಿಂತ ಸುಲಭ, ದುಡ್ಡೂ ಬೇಡ. ಮೈದಾನದ ನಡುವೆ ಸೌಂಡ್ ಮಿಕ್ಸಿಂಗ್ ಮಾಡುವವರ ಟೆಂಟ್ ಇರುತ್ತದಲ್ಲ, ಅದರ ಹಿಂದೆ ಅಥವಾ ಪಕ್ಕ ನಿಲ್ಲಿ. ಅವರು ಆ ಜಾಗದಲ್ಲಿ ಕಿವಿ ಇಟ್ಟೇ ಸದ್ದನ್ನು ಹೊಂದಿಸುತ್ತಿರುತ್ತಾರೆ. ಅತಿ ಚೆನ್ನಾಗಿ ಕೇಳಿಸುವುದು ಅಲ್ಲೇ. ಸ್ಪೀಕರ್ ಪಕ್ಕದಲ್ಲಿ ನಿಂತರೆ ಒಂದು ಕಡೆಯ ಗಿಟಾರ್ ಅಬ್ಬರಿಸುತ್ತದೆ, ಇನ್ನೊಂದು ಕಡೆಯದು ಮುಚ್ಚಿಹೋಗುತ್ತದೆ. ಎರಡು ಗಿಟಾರ್ ಜುಗಲ್ಬಂದಿಯ ಸಂಗೀತವನ್ನು ಅಲ್ಲಿ ನಿಂತು ಕೇಳಿದರೆ ಅರ್ಧವೇ ಕೇಳಿದ ಹಾಗೆ ಅಲ್ವಾ? ಒಂದು ಬ್ಯಾಂಡ್ ಮುಗಿದ ಮೇಲೆ ಸ್ಪೀಕರುಗಳಿಂದ ದೂರ ಹೋಗಿ ಊಟ ಮಾಡಿ ಬನ್ನಿ. ಕಿವಿಗೂ ಬಿಡುವು ಬೇಕು. ನಿಯೋಶ್ ಸಂಸ್ಥೆಯದೇ ಸದ್ದು ಅಳೆಯುವ ಉಚಿತ ಆ್ಯಪ್ ಐಫೋನಿಗೆ ಇದೆ. ನಿಂತಲ್ಲೇ ನೋಡಿಕೊಳ್ಳಬಹುದು.

ಮಗನನ್ನು ಕರೆದುಕೊಂಡು ಹೋಗಿ. 14ಕ್ಕೆ ಕಿವಿಯ ನಾಳ ಇನ್ನೂ ಸಣ್ಣದಿರಬಹುದು, ಸಣ್ಣ ಅಳತೆಯ ಪ್ಲಗ್ ಕೊಡಿಸಿ, ಮನೆಯಲ್ಲೇ ಹಾಕಿ ಅಭ್ಯಾಸ ಮಾಡಿಸಿ. ನೀವು ಹಾಕಿಕೊಂಡಿದ್ದರೆ ಅವನೂ ಹಾಕಿಕೊಳ್ಳುತ್ತಾನೆ, ಬರೀ ಹೇಳಿದರೆ ಇಲ್ಲ. ಅಲ್ಲಿಯವರೆಗೆ ಕಾಯುವುದು ಕಷ್ಟ ಅಂದರೆ ನಿಮ್ಮಲ್ಲಿಂದ ಒಂದೂವರೆ ಗಂಟೆ ದಾರಿಯಲ್ಲಿ ಮೇಕನ್ ಎಂಬ ಊರಿದೆ. ಆಲ್ಮನ್ ಬ್ರದರ್ಸ್ ಬ್ಯಾಂಡಿನವರು ಒಟ್ಟಿಗೆ ವಾಸವಾಗಿದ್ದ ದೊಡ್ಡ ಮನೆ ಈಗ ವಸ್ತುಸಂಗ್ರಹಾಲಯ. ಡ್ವೇನ್ ಮತ್ತು ಬೇಸ್ ನುಡಿಸುತ್ತಿದ್ದ ಬೆರಿ ಓಕ್ಲಿ ಇಬ್ಬರೂ ಅದೇ ಊರಿನಲ್ಲಿ, ಒಂದು ವರ್ಷದ ಅಂತರದಲ್ಲಿ, ಮೋಟಾರ್ ಬೈಕ್ ಅಪಘಾತದಲ್ಲಿ ಹೋದರು. ಇಬ್ಬರಿಗೂ 24. ರೋಸ್ ಹಿಲ್ ಸ್ಮಶಾನದಲ್ಲಿ ಅಕ್ಕಪಕ್ಕ ಮಲಗಿದ್ದಾರೆ. ಮಗನಿಗೆ ಅದನ್ನೂ ತೋರಿಸಿ.

ಆಡಿಯೋಗ್ರಾಮ್ ಬಂದ ಮೇಲೆ ಎರಡೂ ಕಿವಿಯ 3000, 4000, 6000ದ ಅಂಕಿಗಳನ್ನು ಬರೆದು ಕಳಿಸಿ. ಮುಂದೇನು ಮಾಡಬಹುದು ಅಂತ ಆಗ ಹೇಳುತ್ತೇನೆ. ಆ ನಾಣ್ಯವನ್ನು ಮಾತ್ರ ಇವತ್ತೇ ತೆಗೆಯಿರಿ, ಹೊಸ ಮುಳ್ಳು ಬರುವ ತನಕ ಆ ರೆಕಾರ್ಡನ್ನು ಹಾಕಬೇಡಿ.